ರೆಡ್ ವೈನ್ ಎಷ್ಟು ವರ್ಷ ಇಡಬಹುದು? ರುಚಿ ನೋಡಿ ತಿಳಿಯುವ ಬಗೆ

ಕೊಡಗಿನ ಪೇಟೆಗಳಲ್ಲಿ ಸಿಗುವ ಸಿಹಿ ಮನೆವೈನನ್ನು ವರ್ಷದೊಳಗೆ ಮುಗಿಸುವುದೇ ಸರಿ. ನಂದಿಬೆಟ್ಟದ ಕಡೆಯ ವೈನರಿಯಿಂದ ಶಿರಾಜ್, ಕ್ಯಾಬರ್ನೆ ಸುವಿನ್ಯೋನ್ ದ್ರಾಕ್ಷಿಯ ರೆಡ್ ವೈನ್ ತಂದಿದ್ದರೆ ಮಾತ್ರ ಇಡಬೇಕೋ, ಈಗಲೇ ತೆಗೆಯಬೇಕೋ ಎಂದು ಯೋಚಿಸಬೇಕಾಗುತ್ತದೆ.

ಊಟಕ್ಕೆ ಮೊದಲೇ ರುಚಿ ನೋಡಿ. ಹಿಂದಿನ ಒಂದು ಗಂಟೆ ಕಾಫಿ ಬೇಡ. ಕಾಚಂಪುಳಿ ಎಂಬ ಗಟ್ಟಿ ಹುಳಿ ಹಾಕಿದ ಪಂದಿ ಕರಿ (ಹಂದಿ ಮಾಂಸದ ಪಲ್ಯ) ತಿಂದ ನಾಲಿಗೆಗೆ ವೈನಿನ ಹುಳಿ ಸಪ್ಪೆ ಎನಿಸುತ್ತದೆ. ವೈನ್ 16ರಿಂದ 18 ಡಿಗ್ರಿ ಇರಲಿ. ಮಡಿಕೇರಿಯ ಮಳೆಗಾಲದಲ್ಲಿ ಕೋಣೆಯ ತಂಪೇ ಹೆಚ್ಚುಕಡಿಮೆ ಸಾಕು; ಕುಶಾಲನಗರದ ಏಪ್ರಿಲ್ ಮಧ್ಯಾಹ್ನವಾದರೆ ಸುಮಾರು ಒಂದು ಗಂಟೆ ಫ್ರಿಜ್‌ನಲ್ಲಿಡಿ. ತೀರಾ ತಣ್ಣಗಿದ್ದರೆ ಒಗರು ಇರುವುದಕ್ಕಿಂತ ಜೋರಾಗಿ ಕಾಣುತ್ತದೆ, ಬೆಚ್ಚಗಿದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ.

ಬಾಯಿ ಕಿರಿದಾದ ಲೋಟಕ್ಕೆ 50 ಮಿ.ಲೀ. ಸುರಿದು, ಬಿಳಿ ಕಾಗದದ ಮೇಲೆ ಓರೆ ಮಾಡಿ ಅಂಚು ನೋಡಿ. ನೇರಳೆ ಅಂಚು ಎಳೆಯ ವೈನಿನದು. ಎರಡೇ ವರ್ಷದ ವೈನ್ ಅಂಚಿನಲ್ಲಿ ಕಂದಾಗಿದ್ದರೆ ಗಾಳಿ ತಾಗಿರುವ ಸಾಧ್ಯತೆ ಹೆಚ್ಚು; ಅದನ್ನು ಇನ್ನೂ ಇಡಬೇಡಿ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಆ ಬಾಟಲಿಯಿಂದ ತೀರ್ಮಾನಕ್ಕೆ ಬರಬಾರದು, ಇನ್ನೊಂದು ತೆಗೆಯಿರಿ.

ಮುಖ್ಯ ಪರೀಕ್ಷೆ ಬಾಯಿಯಲ್ಲಿ. ಒಂದು ಗುಟುಕನ್ನು ಹತ್ತು ಸೆಕೆಂಡು ಆಡಿಸಿ ಉಗುಳಿ. ನಾಲಿಗೆಯಡಿ ನೀರೂರಿದರೆ ಹುಳಿ ಚೆನ್ನಾಗಿದೆ. ಬಾಟಲಿಯಲ್ಲಿ ಹುಳಿ ಹೆಚ್ಚೇನೂ ಬದಲಾಗುವುದಿಲ್ಲ, ಆದ್ದರಿಂದ ಇಂದು ಇಲ್ಲದ ಹುಳಿ ಮುಂದೆ ಬರುವುದಿಲ್ಲ. ನಮ್ಮ ಬಿಸಿಲಿಗೆ ದ್ರಾಕ್ಷಿಯ ಹುಳಿ ಬೇಗ ಇಳಿಯುವುದರಿಂದ ಇದನ್ನು ಗಟ್ಟಿಯಾಗಿ ನೋಡಲೇಬೇಕು. ವೈನರಿಗೇ ಹೋದರೆ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕೇಳಿ: 3.5ರ ಆಸುಪಾಸು ನೆಮ್ಮದಿ, 3.8 ದಾಟಿದ್ದರೆ ಸೂಕ್ಷ್ಮಜೀವಿಗಳ ಕಾಟ ಸುಲಭ.

ಒಗರಿನಲ್ಲೇ ಹೆಚ್ಚು ಜನ ಎಡವುವುದು. ಒಗರು ಜಾಸ್ತಿಯಿದ್ದರೆ ಬಾಳಿಕೆ ಜಾಸ್ತಿ ಎಂಬುದು ಅರ್ಧ ಸತ್ಯ. ವಸಡು, ಕೆನ್ನೆಗಳನ್ನು ಸಮನಾಗಿ ಹಿಡಿದು, ಅದರ ಮೇಲೆ ಹಣ್ಣಿನ ರುಚಿ ಮತ್ತೆ ತೇಲಿ ಬಂದರೆ ಒಳ್ಳೆಯ ಒಗರು. ಅದರ ಟ್ಯಾನಿನ್‌ಗಳು, ಅಂದರೆ ಒಗರು ಕೊಡುವ ಅಂಶಗಳು, ವರ್ಷಗಳಲ್ಲಿ ಬಣ್ಣದ ಕಣಗಳ ಜೊತೆ ಬೆಸೆದು ಮೃದುವಾಗುತ್ತವೆ, ಸ್ವಲ್ಪ ಗಷ್ಟಾಗಿ ತಳ ಸೇರುತ್ತದೆ. ಹಸಿ ಅಡಿಕೆ ಅಗಿದಂತೆ ಒರಟಾಗಿ ಕಚ್ಚುವ ಒಗರು ಬಲಿಯದ ಬೀಜ, ತೊಟ್ಟು ಅಥವಾ ಅತಿಯಾಗಿ ಹಿಂಡಿದ್ದರಿಂದ ಬಂದದ್ದು. ಅಂಥದರಲ್ಲಿ ಮೊದಲು ಹಣ್ಣು ಸೊರಗುತ್ತದೆ, ಒಗರಷ್ಟೇ ಉಳಿಯುತ್ತದೆ. ಉಗುಳಿದ ಮೇಲೆ ಎಣಿಸಿ: ಹಣ್ಣಿನ ರುಚಿ ಹತ್ತು ಸೆಕೆಂಡು ದಾಟಿದರೆ ಆಸೆಯಿಡಬಹುದು.

ಅರ್ಧ ಬಾಟಲಿಗೆ ಬಿರಡೆ ಹಾಕಿಟ್ಟು ಮರುದಿನ ಮತ್ತೆ ನೋಡಿ. ಪರಿಮಳ, ರುಚಿ ಅರಳಿದ್ದರೆ ಕೆಲವು ವರ್ಷ ತಡೆಯುವ ಲಕ್ಷಣ. ಸಪ್ಪೆಯಾಗಿದ್ದರೆ ಉಳಿದ ಬಾಟಲಿಗಳನ್ನು ಬೇಗ ಕುಡಿಯಿರಿ. ಇದು ಸುಳಿವಷ್ಟೇ, ಖಾತರಿಯಲ್ಲ.

ಇಡುವುದಾದರೆ ಅಟ್ಟ ಬೇಡ, ಬೇಸಿಗೆಯಲ್ಲಿ ಹೆಂಚಿನಡಿ ಕಾಯುತ್ತದೆ. ಕತ್ತಲೆಯ ಕೆಳಕೋಣೆಯಲ್ಲಿ ಅಡ್ಡ ಮಲಗಿಸಿ. 12ರಿಂದ 15 ಡಿಗ್ರಿ ಸಿಗದಿದ್ದರೂ ಏರಿಳಿತ ಕಡಿಮೆಯಿರಲಿ. ಮಳೆಗಾಲದ ತೇವ ಬಿರಡೆಗೆ ಒಳ್ಳೆಯದೇ. ಬೂಸ್ಟು ಲೇಬಲ್ಲಿಗೆ ಮಾತ್ರ, ಪ್ಲಾಸ್ಟಿಕ್ ಸುತ್ತಿದರೆ ಸಾಕು. ಒಂದೇ ವೈನಿನ ಮೂರು ಬಾಟಲಿ ತಂದು, ಎರಡು ವರ್ಷಕ್ಕೊಂದರಂತೆ ತೆಗೆದು, ಪ್ರತಿ ಸಲ ಹುಳಿ, ಒಗರು, ಹಣ್ಣು ಮೂರನ್ನೂ ಬರೆದಿಡಿ.