ಕಂಪೈಲರ್ರೇ ಲೆಕ್ಕ ತಪ್ಪಿದರೆ ಹೀಗೆ ಹಿಡಿಯಿರಿ

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಗೆ ನಾನು ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದುಕೊಡುತ್ತೇನೆ, ಡಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಸೊಂಟದ ಸೈಜಿನ ಪಟ್ಟಿ ದಿನಾ ಬದಲಾಗೋದಿಲ್ಲ, ಅಲ್ವಾ? ಅದಕ್ಕೇ ಆ ಲೆಕ್ಕವನ್ನು ಕಂಪೈಲ್ ಆಗುವಾಗಲೇ, ಅಂದರೆ ಕೋಡು ಓಡಬಲ್ಲ ಪ್ರೋಗ್ರಾಮ್ ಆಗಿ ಬದಲಾಗುವಾಗಲೇ, ಮುಗಿಸಿಬಿಡುತ್ತೇನೆ. ಇದಕ್ಕೆ ಸಿಟಿಎಫ್‌ಇ (ಕಂಪೈಲ್ ಟೈಮ್ ಫಂಕ್ಷನ್ ಎಕ್ಸಿಕ್ಯೂಶನ್) ಅಂತಾರೆ. ಈ ಲೆಕ್ಕ ಮಾಡೋಕೆ ಡಿಯ ಕಂಪೈಲರ್ ಆದ ಡಿಎಂಡಿ ಒಳಗೇ, ಕೋಡನ್ನು ನೇರವಾಗಿ ಓಡಿಸುವ ಒಂದು ಇಂಟರ್‌ಪ್ರಿಟರ್ ಇದೆ. ಅದರಲ್ಲೂ ಬಗ್ ಇರಬಹುದು.

ಮೊದಲು ತಪ್ಪು ಯಾರದು ನೋಡಿ. ಒಂದೇ ಫಂಕ್ಷನ್ನನ್ನು ಎರಡು ಕಡೆ ಕರೆಯಿರಿ. ಉತ್ತರವನ್ನು ಎನಮ್ ಅನ್ನೋ ಕಾನ್ಸ್ಟೆಂಟ್‌ಗೆ ಹಾಕಿದರೆ ಕಂಪೈಲರ್ ಲೆಕ್ಕ ಮಾಡುತ್ತದೆ, ಫಂಕ್ಷನ್ ಒಳಗಿನ ಮಾಮೂಲಿ ವೇರಿಯಬಲ್‌ಗೆ ಹಾಕಿದರೆ ಪ್ರೋಗ್ರಾಮ್ ಓಡುವಾಗ ಆಗುತ್ತದೆ. ಎರಡೂ ತಪ್ಪಾದರೆ ನಿಮ್ಮ ಕೋಡೇ ತಪ್ಪು. ಎನಮ್ ಮಾತ್ರ ತಪ್ಪಾದರೆ ಕಂಪೈಲರ್ ಮೇಲೆ ಅನುಮಾನ ಪಡಿ. ಅದಕ್ಕೂ ಮುಂಚೆ, ಕೋಡಿನಲ್ಲಿ ಎಲ್ಲಾದರೂ ‘ಸಿಟಿಎಫ್‌ಇ ಆದರೆ ಈ ದಾರಿ’ ಅನ್ನೋ ಇಫ್ ಇದೆಯಾ ನೋಡಿ. ಇದ್ದರೆ ಎರಡು ಕಡೆ ಓಡುವ ಕೋಡೇ ಬೇರೆ. ಲೈಬ್ರರಿಗಳಲ್ಲಿ ಅದು ಜಾಸ್ತಿ.

ಆಮೇಲೆ ಕೋಡನ್ನು ಕುಗ್ಗಿಸಿ. ಡಸ್ಟ್‌ಮೈಟ್ ಅನ್ನೋ ಟೂಲ್ ತಾನೇ ಸಾಲು ಕಿತ್ತು ನೋಡುತ್ತದೆ. ಅದಕ್ಕೆ ಕೊಡುವ ಸ್ಕ್ರಿಪ್ಟ್ ‘ಓಡುವಾಗ ಸರಿ, ಕಂಪೈಲ್‌ನಲ್ಲಿ ತಪ್ಪು’ ಎರಡನ್ನೂ ನೋಡಬೇಕು. ಒಂದನ್ನೇ ನೋಡಿದರೆ ಅದು ಬೇರೆ ಯಾವುದೋ ಬಗ್ ತಂದುಕೊಡುತ್ತದೆ.

ಈಗ ಅಸಲಿ ಕೆಲಸ. ಡಿಎಂಡಿಯ ಫ್ರಂಟ್‌ಎಂಡ್ (ಕೋಡು ಓದಿ ಅರ್ಥಮಾಡಿಕೊಳ್ಳುವ ಭಾಗ) 2015ರಿಂದ ಡಿಯಲ್ಲೇ ಇದೆ, ಸಿ ಪ್ಲಸ್ ಪ್ಲಸ್ ಓದುವ ಕಷ್ಟ ಇಲ್ಲ. ಡಿಇಂಟರ್‌ಪ್ರೆಟ್ ಅನ್ನೋ ಫೈಲ್ ತೆಗೆಯಿರಿ. ಪ್ರತಿ ಬಗೆಯ ಎಕ್ಸ್‌ಪ್ರೆಶನ್‌ಗೂ ವಿಸಿಟ್ ಅನ್ನೋ ಒಂದೊಂದು ಫಂಕ್ಷನ್ ಇದೆ. ಇಲ್ಲಿ ಲೆಕ್ಕದ ವ್ಯಾಲ್ಯೂಗಳು ಬರೀ ನಂಬರ್ ಅಲ್ಲ, ಸಿಂಟ್ಯಾಕ್ಸ್ ಟ್ರೀಯ (ಕಂಪೈಲರ್ ನಿಮ್ಮ ಕೋಡನ್ನು ಮರದ ಹಾಗೆ ಜೋಡಿಸಿಟ್ಟ ರೂಪದ) ನೋಡ್‌ಗಳೇ. ಅಪಾಯ ಇರೋದೇ ಅಲ್ಲಿ. ಒಂದು ಫಂಕ್ಷನ್ 28, 30, 32 ಅನ್ನೋ ಅರೇ ಲಿಟರಲ್ (ಕೋಡಿನಲ್ಲೇ ಬರೆದ ಪಟ್ಟಿ) ಮಾಡಿ, ಪ್ರತಿಯೊಂದನ್ನೂ ಅಲ್ಲೇ 254ರಿಂದ ಗುಣಿಸುತ್ತದೆ ಅನ್ನಿ. ಮೊದಲ ಸಲ ಕರೆದಾಗ 28ರ ಉತ್ತರ 7112. ಎರಡನೇ ಸಲ ಕರೆದಾಗಲೂ 7112 ಬರಬೇಕು. 18,06,448 ಬಂದರೆ? ಇಂಟರ್‌ಪ್ರಿಟರ್ ಲಿಟರಲ್‌ನ ಕಾಪಿ ಮಾಡದೆ ಸೋರ್ಸಿನ ನೋಡ್‌ನಲ್ಲೇ ಬರೆದಿದೆ. ಕಟಿಂಗ್ ಮಾಸ್ಟರ್ ಬಟ್ಟೆ ಬಿಟ್ಟು ಪ್ಯಾಟರ್ನ್ ಕಾಗದಕ್ಕೇ ಕತ್ತರಿ ಹಾಕಿದ ಹಾಗೆ.

ಇದಕ್ಕೇ ಕಾಪಿಲಿಟರಲ್ ಅನ್ನೋ ಫಂಕ್ಷನ್ನೂ, ನೋಡ್ ಯಾರದು ಅಂತ ಹೇಳುವ ಓನ್ಡ್‌ಬೈಸಿಟಿಎಫ್‌ಇ ಗುರುತೂ ಇವೆ. ತಪ್ಪು ಉತ್ತರ ಕಂಡ ವಿಸಿಟ್‌ನಲ್ಲಿ ಸುಮ್ನೆ ಒಂದು ಇಫ್ ತುರುಕಬೇಡಿ. ಆ ನೋಡ್ ಎಲ್ಲಿ ಹುಟ್ಟಿತು ಅಂತ ಹಿಂದಕ್ಕೆ ಹೋಗಿ, ಕಾಪಿ ತಪ್ಪಿದ ಕಡೆ ಸರಿಮಾಡಿ. ಕಂಪೈಲರ್ ತಪ್ಪು ಉತ್ತರ ಕೊಡದೆ ಕ್ರ್ಯಾಶ್ ಆಗುತ್ತಿದ್ದರೆ ಬೇರೆ ಕಡೆ ನೋಡಿ: ಒಳಗಿನ ಇಂಟರ್‌ಪ್ರೆಟ್ ಕರೆ ಸೋತಿತಾ ಅಂತ ಕೇಳುವ ಎಕ್ಸೆಪ್ಷನ್‌ಆರ್‌ಕಾಂಟ್ ಬಿಟ್ಟುಹೋಗಿರಬಹುದು.

ಕುಗ್ಗಿಸಿದ ಕೋಡಿಗೆ ಸ್ಟ್ಯಾಟಿಕ್ ಅಸರ್ಟ್ (ಉತ್ತರ ಸರಿಯಾ ಅಂತ ಕಂಪೈಲ್ ಆಗುವಾಗಲೇ ನೋಡುವ ಸಾಲು) ಸೇರಿಸಿ ಡಿಎಂಡಿಯ ಕಂಪೈಲೆಬಲ್ ಟೆಸ್ಟ್ ಫೋಲ್ಡರ್‌ಗೆ ಹಾಕಿ. ಹಳೇ ಕಂಪೈಲರ್‌ನಲ್ಲಿ ಅದು ಫೇಲ್ ಆಗಲೇಬೇಕು, ಇಲ್ಲದಿದ್ದರೆ ಆ ಟೆಸ್ಟ್ ಇದ್ದೂ ಇಲ್ಲ. ನಂತರ ಪೂರ್ತಿ ಟೆಸ್ಟ್ ಸೂಟ್ ಓಡಿಸಿ. ನಮ್ಮೂರ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾದು ನಿಧಾನ ಆಗುತ್ತದೆ, ಹಾಗಾಗಿ ನಾನು ಇದನ್ನು ಬೆಳಗಿನ ಜಾವಕ್ಕೇ ಇಟ್ಟುಕೊಳ್ಳುತ್ತೇನೆ.