ಯಾರಿಗೆ ‘ಜುಗ್ಗ’ ಅನ್ನಬಹುದು, ಯಾರಿಗೆ ಅನ್ನಬಾರದು

ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ನಾನು ಮಾತಾಡುವ ಕನ್ನಡ ಹೇಳಿಕೊಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಬೈಗುಳವನ್ನೇ! ನಾನು ‘ಜುಗ್ಗ’ದಿಂದ ಶುರು ಮಾಡಿಸುತ್ತೇನೆ. ಬೈದ ಹಾಗೂ ಆಯಿತು, ಏಟು ತಿನ್ನುವ ಭಯವೂ ಇಲ್ಲ.

ಇದ್ದೂ ಬಿಚ್ಚದವನು ಜುಗ್ಗ. ಕೈಯಲ್ಲಿ ಕಾಸೇ ಇಲ್ಲದವನನ್ನು ಹಾಗನ್ನಬೇಡಿ. ಹೆಂಗಸಾದರೆ ಜುಗ್ಗಿ, ಗುಣಕ್ಕೆ ಜುಗ್ಗತನ.

ಪ್ರಯೋಗ ಮಾಡಲು ಗಾಂಧಿ ಬಜಾರಿಗೆ ಹೋಗಿ ಒಂದು ಮೊಳ ಮಲ್ಲಿಗೆ ಕೊಳ್ಳಿ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ. ಅಳೆಯುವಾಗ ಬೆರಳು ಮಡಚಿಕೊಳ್ಳುವವರೂ ಇದ್ದಾರೆ, ಅಳೆದ ಮೇಲೆ ನಾಲ್ಕು ಹೂವು ಜಾಸ್ತಿ ಬಿಟ್ಟು ಕತ್ತರಿಸುವವರೂ ಇದ್ದಾರೆ. ಆ ಜಾಸ್ತಿಗೆ ಕೊಸರು ಅಂತಾರೆ. ಕಾರ್ತಿಕ ಮಾಸದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆಯಲ್ಲೂ ಅಷ್ಟೇ. ಸೇರು ತುಂಬಿದ ಮೇಲೆ ಇನ್ನೊಂದು ಹಿಡಿ ಬೀಳದಿದ್ದರೆ, “ಏನಮ್ಮಾ ಇಷ್ಟು ಜುಗ್ಗತನ? ಕೊಸರು ಹಾಕಿ” ಅನ್ನಿ. ‘ಜುಗ್ಗಿ’ ಅಂದರೆ ಜಗಳ, ‘ಜುಗ್ಗತನ’ ಅಂದರೆ ನಗು.

ಬೈಟು ಕಾಫಿ ಜುಗ್ಗತನದ ಲೆಕ್ಕಕ್ಕೆ ಬರುವುದಿಲ್ಲ. ದರ್ಶಿನಿಯಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡರೆ ಯಾರೂ ತಿರುಗಿ ನೋಡಲ್ಲ. ಟೋಕನ್ ತಗೊಳ್ಳುವ ಹೊತ್ತಿಗೆ ಸರಿಯಾಗಿ ಫೋನ್ ಕಿವಿಗಿಡುತ್ತಾನಲ್ಲ, ಅವನು ಜುಗ್ಗ. ಗೆಳೆಯನಾಗಿದ್ದರೆ “ಲೋ ಜುಗ್ಗ, ಇವತ್ತು ನೀನು ಕೊಡೋ” ಅಂತ ಮುಖಕ್ಕೇ ಹೇಳಬಹುದು. ಮಾವನವರಿಗೆ, ಮನೆ ಓನರಿಗೆ ಬೇಡ. “ಅವರದು ಸ್ವಲ್ಪ ಕೈ ಬಿಗಿ” ಅಂದರೆ ಸಾಕು, ಅದೂ ಅವರಿಲ್ಲದಾಗ.

‘ಕಂಜೂಸ್’ ಹಿಂದಿಯಿಂದ ಬಂದದ್ದು, ಹೆಚ್ಚುಕಡಿಮೆ ಇದೇ ತೂಕ. ‘ಜಿಪುಣ’ ಬರವಣಿಗೆಗೂ ಸಲ್ಲುತ್ತದೆ. ‘ಲೋಭಿ’ ಹರಿಕಥೆಯ ಮಾತು: ಪುರಂದರದಾಸರು ದಾಸರಾಗುವ ಮುಂಚೆ, ಮೂಗುತಿಯ ಕಥೆಯಲ್ಲಿ, ಕಡು ಲೋಭಿ. ಅವರನ್ನು ಜುಗ್ಗ ಅಂದರೆ ಕಥೆ ಕೇಳುತ್ತಾ ಕೂತ ಅಜ್ಜಿಯರು ಸುಮ್ನೆ ಬಿಡುವುದಿಲ್ಲ. ಇನ್ನೂ ಖಾರ ಬೇಕೆಂದರೆ ‘ಎಂಜಲು ಕೈಯಲ್ಲಿ ಕಾಗೆ ಓಡಿಸದವನು’ ಅನ್ನಿ. ಕೈಗಂಟಿದ ಅಗುಳು ಎಲ್ಲಿ ಕಾಗೆ ಪಾಲಾಗುತ್ತದೋ ಅಂತ ಅವನಿಗೆ ಭಯ!

ವಸ್ತುವಿಗೆ ಮಾತ್ರ ಈ ಯಾವ ಮಾತೂ ಒಗ್ಗುವುದಿಲ್ಲ. ಚಪ್ಪಲಿ ಅಗ್ಗ, ಉತ್ತರ ಕರ್ನಾಟಕದಲ್ಲಾದರೆ ಸೋವಿ. ಮನುಷ್ಯನನ್ನು ‘ಚೀಪ್’ ಅಂದರೆ ಅವನ ನಡತೆಯೇ ಕೀಳು ಅಂತಾಗುತ್ತದೆ, ಹುಷಾರು.

ನಿಮ್ಮನ್ನೇ ಯಾರಾದರೂ ಜುಗ್ಗ ಅಂದರೆ? “ಹೂಂ ಕಣೋ, ಜುಗ್ಗನೇ. ದುಡ್ಡು ನೀನೇ ಕೊಡು.”