ಗೋಡೆ ಬಿಟ್ಟವ ಕೆಟ್ಟ: ಹೊಗೆಮನೆ ಡ್ರಿಲ್ ಮಾಡಿಸುವುದು ಹೇಗೆ?

ಸ್ವಯಂಸೇವಕರ ಅಗ್ನಿಶಾಮಕ ತಂಡದಲ್ಲಿ ಡ್ರಿಲ್ ಎಂದರೆ ಹೋಸ್ ಬಿಚ್ಚಿ ನೀರು ಚಿಮ್ಮಿಸುವುದು. ನೋಡಲೂ ಚೆಂದ, ಫೋಟೊಗೂ ಚೆಂದ. ಹೊಗೆ ತುಂಬಿದ ಮನೆಯಲ್ಲಿ ಸಿಕ್ಕಿಕೊಂಡವರನ್ನು ಹುಡುಕುವ ಡ್ರಿಲ್ ಮಾತ್ರ ಕಾಟಾಚಾರಕ್ಕೆ ನಡೆಯುತ್ತದೆ. ಒಳಗೆ ಹೋಗುವುದನ್ನು ಎಲ್ಲರೂ ಕಲಿಸುತ್ತಾರೆ. ವಾಪಸ್ ಬರುವುದನ್ನು ಕಲಿಸುವವರು ಕಡಿಮೆ. ನಾನು ನೋಡಿದ ಎಡವಟ್ಟುಗಳೆಲ್ಲ ಆದದ್ದು ಅಲ್ಲೇ.

ಮೊದಲು ಜಾಗ. ಎರಡು ಕೋಣೆ ಸಾಕು. ನೆಲದ ತೂತು, ಮೊಳೆ, ಒಡೆದ ಗಾಜು, ಕರೆಂಟ್ ಇವನ್ನು ಬೆಳಕಿದ್ದಾಗಲೇ ನೋಡಿಕೊಂಡು, ಮಂಚ, ಮೇಜು, ಒಂದಿಷ್ಟು ಬಟ್ಟೆ ರಾಶಿ ಇಡಿ.

ಆಮೇಲೆ ಹೊಗೆ. 'ಸುಮ್ನೆ ಒಂದಿಷ್ಟು ಹುಲ್ಲು ಹೊತ್ತಿಸಿದರಾಯ್ತು, ಅಲ್ವಾ?' ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಬೇಡ. 2001ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೇರ್ಡ್ಸ್‌ವಿಲ್‌ನಲ್ಲಿ ಡ್ರಿಲ್‌ಗೆಂದೇ ಹಚ್ಚಿದ ಬೆಂಕಿ ಕೈಮೀರಿತು. ಒಳಗೆ ಸಿಕ್ಕಿಕೊಂಡವನ ಪಾತ್ರ ಮಾಡುತ್ತಿದ್ದ ಹೊಸ ಸ್ವಯಂಸೇವಕ ಸತ್ತೇಹೋದ. ಹೊಗೆ ಯಂತ್ರ ಇದ್ದರೆ ಸರಿ. ಆದರೆ ಅದಕ್ಕೆ ಹಾಕುವ ಅಗ್ಗದ ದ್ರಾವಣ ನೆಲದ ಮೇಲೆ ಜಾರುವ ಪದರ ಬಿಡುತ್ತದೆ. ನನ್ನ ಆಯ್ಕೆ ಬಟರ್ ಪೇಪರ್. ಉಸಿರಾಟದ ಮಾಸ್ಕಿನ ಗಾಜಿಗೆ ಹೊರಗಿನಿಂದ ಅಂಟಿಸಿ. ಬೆಳಕು ಇದೆ ಎಂದು ಗೊತ್ತಾಗುತ್ತದೆ, ಏನಿದೆ ಎಂದು ಗೊತ್ತಾಗುವುದಿಲ್ಲ. ಹೊಗೆಯೂ ಹಾಗೇ. ಏನಾದರೂ ನಿಜವಾಗಿ ತೊಂದರೆಯಾದರೆ ಕಿತ್ತರೆ ಮುಗಿಯಿತು.

ಒಳಗೆ ಮಲಗಿಸಲು ಗೊಂಬೆ ಬೇಕು. ಒಂದೇ ಕೈಯಲ್ಲಿ ಎತ್ತಬಹುದಾದ ಹಗುರ ಗೊಂಬೆಗೆ ದುಡ್ಡು ಸುರಿಯಬೇಡಿ. ಹಳೆಯ ಹೋಸ್ ತುಂಡುಗಳನ್ನು ಹಳೆಯ ಡಾಂಗರಿಯೊಳಗೆ ತುರುಕಿ ಹೊಲಿದರೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ.

ಗಾಳಿಯ ಲೆಕ್ಕ ಬಾಗಿಲಲ್ಲೇ ಆಗಬೇಕು. ಮಾಸ್ಕಿಗೆ ಗಾಳಿ ಕೊಡುವ, ಬೆನ್ನಿಗೆ ಕಟ್ಟಿಕೊಳ್ಳುವ 6.8 ಲೀಟರಿನ ಸಿಲಿಂಡರ್ 300 ಬಾರ್ ಒತ್ತಡಕ್ಕೆ ತುಂಬಿದ್ದರೆ ಅದರಲ್ಲಿ ಸುಮಾರು 2,000 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 40 ಲೀಟರ್ ಎಂದು ಹಿಡಿದರೆ 50 ನಿಮಿಷ. ಇದು ಕಾಗದದ ಮೇಲಿನ ಮಾತು. ಗಾಬರಿಯಾದವನು ಅದರ ಎರಡರಷ್ಟು ಎಳೆಯುತ್ತಾನೆ. ಗಾಳಿ ಮುಗಿಯುತ್ತ ಬಂತು ಎಂದು 50 ಬಾರ್ ಹತ್ತಿರ ಎಚ್ಚರಿಕೆಯ ಸೀಟಿ ಕೂಗುವ ಸೆಟ್ಟುಗಳಲ್ಲಿ (ಮಾಸ್ಕ್, ಸಿಲಿಂಡರ್ ಸೇರಿದ ಉಸಿರಾಟದ ಸಲಕರಣೆ) ಆಗ ಉಳಿದಿರುವುದು 340 ಲೀಟರ್. ಗಾಬರಿಯವನಿಗೆ ಅದು ನಾಲ್ಕೇ ನಿಮಿಷ. ಸೀಟಿ ಕೇಳಿದ ಮೇಲೆ ಹೊರಡುವುದಲ್ಲ, ಸೀಟಿ ಕೂಗುವಾಗ ನೀವು ಹೊರಗಿರಬೇಕು. ಒಳಗೆ ಹೋದವರ ಹೆಸರು, ಹೊತ್ತು, ಒತ್ತಡ ಬರೆದಿಡಲು ಬಾಗಿಲಲ್ಲಿ ಒಬ್ಬರು ಇರಲಿ. ಇನ್ನಿಬ್ಬರು ಸೆಟ್ ಹಾಕಿಕೊಂಡು ಸಿದ್ಧವಾಗಿ ನಿಂತಿರಲಿ.

ಈಗ ಹುಡುಕಾಟ. ಯಾವಾಗಲೂ ಇಬ್ಬರು, ಯಾವಾಗಲೂ ತಗ್ಗಿ. ಹೊಗೆ ಮೇಲೇರುತ್ತದೆ, ನೆಲದ ಹತ್ತಿರ ಬಿಸಿ ಕಡಿಮೆ. ಮುಂದಿನವನ ಕೈ ಗೋಡೆಯ ಮೇಲೆ, ಹಿಂದಿನವನ ಕೈ ಮುಂದಿನವನ ಬೂಟಿನ ಮೇಲೆ. ಅಂಗೈಯಲ್ಲ, ಕೈಯ ಹಿಂಭಾಗದಿಂದ ತಡಕಬೇಕು. ಅಂಗೈಗೆ ಕರೆಂಟ್ ತಂತಿ ತಾಗಿದರೆ ಬೆರಳು ಮಡಚಿ ತಂತಿಯನ್ನೇ ಗಟ್ಟಿಯಾಗಿ ಹಿಡಿದುಬಿಡುತ್ತವೆ. ಕೋಣೆಯ ನಡುವೆ ಹುಡುಕಬೇಕಾದರೆ ಒಬ್ಬ ಗೋಡೆಯಲ್ಲೇ ಇರಲಿ, ಇನ್ನೊಬ್ಬ ಅವನ ಕಾಲು ಹಿಡಿದು ಉದ್ದಕ್ಕೆ ಚಾಚಿ ನೆಲ ಸವರಲಿ. ಮಂಚದ ಮೇಲೆ, ಮಂಚದ ಕೆಳಗೆ, ಬಾಗಿಲ ಹಿಂದೆ. ಹೆದರಿದ ಮಕ್ಕಳು ಕಪಾಟಿನೊಳಗೂ ಅಡಗುತ್ತಾರೆ.

ಬಲಗೈ ಗೋಡೆಗೆ ಇಟ್ಟು ಒಳಗೆ ಹೋದಿರಿ ಅನ್ನಿ. ಕೋಣೆ ಪೂರ್ತಿ ಸುತ್ತಿ ಬಾಗಿಲಿಗೆ ಬಂದರೆ ಕೊನೆತನಕ ಬಲಗೈಯೇ. ಆದರೆ ಅರ್ಧದಲ್ಲಿ ಗೊಂಬೆ ಸಿಕ್ಕಿತು, ಬಂದ ದಾರಿಯಲ್ಲೇ ತಿರುಗಬೇಕು. ಈಗ ಅದೇ ಗೋಡೆ ಎಡಗೈಗೆ ಬರುತ್ತದೆ! ಓದುವಾಗ ಇದೇನು ಮಹಾ ಅನ್ನಿಸುತ್ತದೆ. ಕಣ್ಣು ಕಾಣದೆ, ಬೆವರು ಸುರಿಯುತ್ತ, ಗೊಂಬೆಯ ಕಂಕುಳಿಗೆ ಕೈ ಹಾಕಿ ಎಳೆಯುತ್ತಿರುವಾಗ ಹತ್ತರಲ್ಲಿ ಎಂಟು ಜನ ಮತ್ತೆ ಬಲಗೈಯನ್ನೇ ಚಾಚುತ್ತಾರೆ. ಆ ಕೈಗೆ ಸಿಕ್ಕಿದ್ದನ್ನೇ ಗೋಡೆ ಎಂದುಕೊಳ್ಳುತ್ತಾರೆ. ನಮ್ಮಲ್ಲೊಬ್ಬ ಊಟದ ಮೇಜಿಗೆ ಮೂರು ಪ್ರದಕ್ಷಿಣೆ ಹಾಕಿದ, ಮನೆ ಇಷ್ಟು ದೊಡ್ಡದಾ ಅಂತ ರೇಡಿಯೊದಲ್ಲಿ ಕೇಳಿದ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಇಷ್ಟೇ. ತಿರುಗುವ ಮೊದಲು ನಿಲ್ಲಿ. ಗೋಡೆಗೆ ಎರಡೂ ಕೈ ಇಡಿ. 'ಎಡಗೈ' ಎಂದು ಜೋರಾಗಿ ಹೇಳಿ. ಜೊತೆಗಾರನೂ 'ಎಡಗೈ' ಎನ್ನಬೇಕು. ಆಮೇಲೆ ಬಲಗೈ ತೆಗೆದು ತಿರುಗಿ. ಮೊದಲ ಸಲ ನಾಚಿಕೆಯಾಗುತ್ತದೆ, ಆಗಲಿ. ಗೊಂಬೆಯೇ ಇಲ್ಲದೆ ಇದೊಂದನ್ನೇ ಹತ್ತು ಸಲ ಮಾಡಿಸಿ. ಕಂಕುಳಿಗೆ ಪಟ್ಟಿ ಹಾಕಿ ಎಳೆಯುವುದನ್ನು ಐದು ನಿಮಿಷದಲ್ಲಿ ಕಲಿಯಬಹುದು. ಪಟ್ಟಿ ಅಗಲವಿರಲಿ, ತೆಳು ನೈಲಾನ್ ಹಗ್ಗ ಕೈ ಕೊಯ್ಯುತ್ತದೆ.

ಹೊರಗೆ ಬಂದ ತಕ್ಷಣ ಒತ್ತಡ ನೋಡಿ ಬರೆಸಿ, ಮಾಸ್ಕ್ ತೆಗೆದು ನೀರು ಕುಡಿಸಿ. ಅವರು ಸುಧಾರಿಸಿಕೊಳ್ಳುವಷ್ಟರಲ್ಲಿ ಮಂಚದ ಜಾಗ ಬದಲಿಸಿ, ಗೊಂಬೆಯನ್ನು ಕಪಾಟಿನೊಳಗೆ ಕೂರಿಸಿ. ಎರಡನೇ ಸುತ್ತಿಗೆ ಹಿಂದಿದ್ದವನು ಮುಂದೆ.